ಗ್ಯಾಸ್ ಫ್ರಿಜ್ಜಿನ ಕಾಕಾ

ಅವರಿಗೆ ಹುಬ್ಬುಗಳಿರಲಿಲ್ಲ. ಬರ್ನರಿನ ಉರಿಗೆ ವರ್ಷಗಟ್ಟಲೆ ಮುಖ ಕೊಟ್ಟು ಸುಟ್ಟುಹೋಗಿ, ಕಣ್ಣುಗಳ ಮೇಲೆ ಎರಡು ನುಣುಪು ಕಲೆಗಳಷ್ಟೇ ಉಳಿದಿದ್ದವು. ಹಾಗಾಗಿ ಬೆಟಗೇರಿಯ ಆ ರಿಪೇರಿ ಕಾಕಾ ಸುಮ್ಮನೆ ಕೂತಿದ್ದರೂ ಬೆಚ್ಚಿಬಿದ್ದವರಂತೆ ಕಾಣುತ್ತಿದ್ದರು. ಅವರು ನಿಜವಾಗಿ ಬೆಚ್ಚಿದ್ದನ್ನು ನಾನು ಕಂಡದ್ದು ಒಂದೇ ಸಲ, ನಮ್ಮ ವ್ಯಾನಿನೊಳಗೆ.

ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತಣ್ಣಗಿರಬೇಕು. ನಿವೃತ್ತಿಯ ಮೇಲೆ ಊರೂರು ಸುತ್ತಲು ನಾವು ಕೊಂಡ ಹಳೆಯ ವ್ಯಾನಿನಲ್ಲಿ ಹಾಸಿಗೆ, ಒಲೆ, ಗ್ಯಾಸಿನಿಂದಲೂ ಕರೆಂಟಿನಿಂದಲೂ ನಡೆಯುವ ಪುಟ್ಟ ಫ್ರಿಜ್ ಎಲ್ಲ ಇದ್ದವು. ಹಿಂಬದಿಯಲ್ಲಿ ಸಣ್ಣ ಉರಿ ಹತ್ತಿದರೆ ಒಳಗೆ ತಂಪು. ಲಕ್ಷ್ಮೇಶ್ವರ ಸುತ್ತಿ ಮುಳಗುಂದಕ್ಕೆ ಬರುವಷ್ಟರಲ್ಲಿ ಅದು ತಂಪು ಕೊಡುವುದನ್ನೇ ಬಿಟ್ಟಿತು. ಗದಗಿನಲ್ಲಿ ಇಬ್ಬರು ಮೆಕ್ಯಾನಿಕ್‌ಗಳು ಇಣುಕಿ ನೋಡಿ, "ಇದಕ್ಕ ಕಂಪ್ರೆಸರ್ ಎಲ್ಲೈತ್ರಿ?" ಎಂದು ಕೈಚೆಲ್ಲಿದರು. ಮೂರನೆಯವನು ಕಾಕಾ ಅವರ ಮನೆ ತೋರಿಸಿದ. ಕರೆಂಟನ್ನು ನೆಚ್ಚುವಂತಿಲ್ಲದ ಕಾಲದಲ್ಲಿ ಹಳ್ಳಿಯ ದವಾಖಾನೆಗಳಲ್ಲಿ ಲಸಿಕೆ ಇಡುತ್ತಿದ್ದ ಸೀಮೆಎಣ್ಣೆ ಫ್ರಿಜ್ಜುಗಳನ್ನು ಅವರೇ ರಿಪೇರಿ ಮಾಡುತ್ತಿದ್ದರಂತೆ.

ಯಂತ್ರ ಯಾವುದಿದ್ದರೂ ಮೊದಲು ಅದರ ಮೇಲೆ ಅಂಗೈ ಇಟ್ಟು, "ಏನಾಗೇತಿ ತಂಗಿ?" ಎಂದು ಕೇಳುವುದು ಅವರ ರೂಢಿ. ಆಮೇಲೆ ತಾಟಿನಲ್ಲಿ ನೀರು ಹಾಕಿ ಒಳಗಿಟ್ಟರು. "ವಾಲಿದ್ರ ಇದು ಮುನಿಸ್ಕೊಂತೈತಿ." ನೀರು ಸಮವಾಗಿ ನಿಂತಿತು, ವಾಲಿರಲಿಲ್ಲ. ತಮ್ಮ ಮನೆಯ ಕರೆಂಟಿಗೆ ಜೋಡಿಸಿ, ನಮ್ಮನ್ನು ಊಟಕ್ಕೆ ಕೂರಿಸಿದರು. ಅವರ ಹೆಂಡತಿ ಬಿಸಿ ರೊಟ್ಟಿ, ಹೆಸರುಕಾಳು ಪಲ್ಯ ಬಡಿಸಿದರು. ಸಂಜೆಗೆ ಫ್ರಿಜ್ ತಂಪಾಗಿತ್ತು.

"ಹೊಟ್ಟಿ ಚಲೋ ಐತಿ. ತಕರಾರು ಉರಿಯಾಗ ಐತಿ" ಎಂದು ವ್ಯಾನಿನೊಳಗೆ ಬಂದು ಗ್ಯಾಸ್ ಹಚ್ಚಿದರು.

ಉರಿ ನೀಲಿಯಾಗಿರಲಿಲ್ಲ. ಹಳದಿಯಾಗಿ ತೊನೆಯುತ್ತ ಮಸಿ ಕಾರುತ್ತಿತ್ತು. ಫ್ರಿಜ್ಜಿನ ಹಿಂದಿನ ಹಲಗೆಯ ಸಂದಿಗೆ ಹೋದ ಕಾಕಾ ಅವರ ಕೈ ಅಲ್ಲೇ ನಿಂತಿತು.

"ಮಲಗೂ ಮುಂದ ಕಿಟಕಿ ಹಾಕ್ಕೊಂತೀರೇನು?"

"ಹೌದ್ರಿ, ಸೊಳ್ಳಿ ಕಾಟ."

"ಮುಂಜಾನಿ ಎದ್ರ ತಲಿ ಸಿಡಿತೈತಿ?"

ನಾನು ದಂಗಾದೆ. ಮೂರು ದಿನಗಳಿಂದ ಇಬ್ಬರಿಗೂ ತಲೆಸಿಡಿತ, ವಾಕರಿಕೆ. ಬಿಸಿಲಿಗೆ ಪಿತ್ತವಾಗಿದೆ ಎಂದುಕೊಂಡಿದ್ದೆವು. ಅವರ ಮುಂದೆ ಹೇಳಿಯೇ ಇರಲಿಲ್ಲ.

"ಇಳೀರಿ! ಇಬ್ಬರೂ ಹೊರಗ ನಡೀರಿ!" ಗ್ಯಾಸ್ ಬಂದ್ ಮಾಡಿ, ಯಜಮಾನರ ರಟ್ಟೆ ಹಿಡಿದು ಎಳೆದೇಬಿಟ್ಟರು. ಆಮೇಲೆ ಫ್ರಿಜ್ಜಿನ ಹೊಗೆಕೊಳವೆಗೆ ತಂತಿ ಹಾಕಿ ಕೆರೆದಾಗ ಮಣ್ಣಿನ ಹೆಂಟೆ ಉದುರಿತು. ಕುಂಬಾರ ಹುಳದ ಗೂಡು! ಹೊರಗೆ ದಾರಿಯಿಲ್ಲದ ವಿಷಗಾಳಿ, ಅಂಟು ಬಿಟ್ಟ ಆ ಸಂದಿಯಿಂದ ನೇರ ನಮ್ಮ ದಿಂಬಿಗೆ ಬರುತ್ತಿತ್ತು.

"ಇದಕ್ಕ ವಾಸನಿಲ್ಲ, ಬಣ್ಣಿಲ್ಲ. ಫ್ರಿಜ್ ಕೆಟ್ಟಿದ್ದಕ್ಕ ಬಂದ್ರಿ. ತಂಪ ಕೊಡಕೋಂತ ಹೋಗಿದ್ರ ನೀವು ಇರತಿದ್ದಿಲ್ಲ."

ನಾನು ಕಟ್ಟೆಯ ಮೇಲೆ ಕೂತೆ. ಕಾಕಾ ಆ ಮಣ್ಣಿನ ಹೆಂಟೆಯನ್ನು ಬಿಡದೆ ಹಿಡಿದು ನಿಂತಿದ್ದರು. ಅವರ ಹೆಂಡತಿ ನೀರು ತಂದು ಕೊಟ್ಟು, "ಹೇಳಿಬಿಡ್ರಿ" ಎಂದರು.

"ಮುಂಡರಗಿ ಕಡೆ ಒಂದು ದವಾಖಾನಿ," ಕಾಕಾ ನೆಲ ನೋಡುತ್ತ ಹೇಳಿದರು. "ನಾನು ಬತ್ತಿ ಬದಲಿ ಮಾಡಿದೆ. ತಂಪ ಹಿಡೀತು, ಆತು ಅಂದೆ. ಕೊಳವಿ ನೋಡಲಿಲ್ಲ. ನನ್ನ ಜೋಡಿ ಬಂದಾಂವ ಥಂಡಿ ಅಂತ ಫ್ರಿಜ್ ಇದ್ದ ಕೋಲ್ಯಾಗ ಬಾಗಲಾ ಹಾಕ್ಕೊಂಡು ಮಲಗಿದ. ಮುಂಜಾನಿ ಚಾ ತಗೊಂಡು ಹೋಗಿ ಎಬ್ಬಿಸಿದೆ. ಏಳಲಿಲ್ರಿ. ಖರೆ ಅಂದ್ರ ನನ್ನ ತಪ್ಪು ಅದು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ."

ಯಜಮಾನರು ಎದ್ದು ಅವರ ಕೈಯಿಂದ ಆ ಹೆಂಟೆ ತೆಗೆದು ದೂರ ಎಸೆದರು.

ಎರಡು ದಿನ ವ್ಯಾನು ಕೊಡಲಿಲ್ಲ. ಸಂದಿ ಮುಚ್ಚಿ, ಕೊಳವೆಯ ಬಾಯಿಗೆ ಜಾಳಿಗೆ ಬಿಗಿದು, ವಿಷಗಾಳಿಗೆ ಕೂಗುವ ಅಲಾರಾಂ ತರಿಸಿ ಹಾಕಿದರು. ಉರಿಯ ಬಣ್ಣ ನೋಡುವುದನ್ನು ನನ್ನನ್ನು ಮಂಡಿಯೂರಿಸಿ ಕಲಿಸಿದರು. ಹೊರಡುವಾಗ ಒಂದೇ ಮಾತು: "ಎಲ್ಲೇ ಇರ್ರಿ, ಮುಂಜಾನಿ ಎದ್ದು ಫೋನ್ ಮಾಡ್ರಿ."

ಮೂರು ವರ್ಷ ಪ್ರತಿ ಪ್ರವಾಸದಲ್ಲೂ ಮಾಡಿದೆ. "ಇಬ್ಬರೂ ಎದ್ದೀರಿ?" ಎನ್ನುವರು. ಹೂಂ ಎಂದರೆ, "ಆತು, ಇಡ್ರಿ."

ಕಳೆದ ಮಾಘದಲ್ಲಿ ಪ್ರವಾಸ ಹೊರಟ ಮೊದಲ ರಾತ್ರಿ ಶಿರಹಟ್ಟಿಯ ಹತ್ತಿರ ತಂಗಿದ್ದೆವು. ಬೆಳಿಗ್ಗೆ ಫೋನ್ ಮಾಡಿದರೆ ಅವರ ಹೆಂಡತಿ ಎತ್ತಿದರು.

"ಅವರು ಹೋಗಿ ನಾಕ ದಿನ ಆತವಾ. ಎದಿ ಹಿಡಕೊಂಡು ಕುಂತ್ರು, ಅಷ್ಟ. ನಿಮಗ ಖಬರ ಕೊಡೂದು ಆಗಲಿಲ್ಲ."

ಆ ಕಡೆ ಅವರು ಮೂಗು ಒರೆಸಿಕೊಂಡದ್ದು ಕೇಳಿಸಿತು. ಆಮೇಲೆ, ದನಿ ಸರಿಮಾಡಿಕೊಂಡು ಕೇಳಿದರು:

"ಇಬ್ಬರೂ ಎದ್ದೀರಿಲ್ಲೋ?"