ಅತ್ತಿಗೆಯ ಹಿಂಬಾಗಿಲು

ಹಳೆಯ ಅಂಗಿಗಳನ್ನು ಬಿಚ್ಚಿ ಬಿಚ್ಚಿ ನೋಡಿ ಹೊಲಿಗೆ ಕಲಿತವಳು ನಮ್ಮ ಅತ್ತಿಗೆ. ಅಣ್ಣ ಗಾರೆ ಮೇಸ್ತ್ರಿ. ಆಕೆ ತುಂಡು ಕೂಡಿಸುವವಳು, ಈತ ಸಂದು ಮುಚ್ಚುವವನು ಎಂದು ನಾನು ರೇಗಿಸುತ್ತಿದ್ದೆ.

ಮೊದಲು ನಮ್ಮ ಬೀದಿಯಿಂದ ಹಿಂದಿನ ಬೀದಿಗೆ ಹೆಜ್ಜೆಗೊಂದು ಸಂದಿ ಇತ್ತು. ಊರು ಬೆಳೆದಂತೆ ಖಾಲಿ ಜಾಗವೆಲ್ಲ ಮನೆಯಾಗಿ, ಸಂದಿಗಳಿಗೆ ಗೋಡೆ ಬಂತು. ಕೊನೆಗೆ ಎರಡೂ ಬೀದಿಗೆ ಬಾಗಿಲು ಉಳಿದದ್ದು ಅತ್ತಿಗೆಯ ಹೊಲಿಗೆ ಅಂಗಡಿಗೆ ಮಾತ್ರ. ಆಕೆ ಮೇಜನ್ನು ಗೋಡೆಗೆ ಒತ್ತರಿಸಿ ನಡುವೆ ದಾರಿ ಬಿಟ್ಟಳು. ಹಾಲಿನ ಕ್ಯಾನು, ಶಾಲೆಯ ಮಕ್ಕಳು, ಆಸ್ಪತ್ರೆಗೆ ಹೋಗುವ ಮುದುಕರು ಎಲ್ಲ ಅಲ್ಲಿಂದಲೇ. ಯಾರೇ ಬಂದರೂ ಆಕೆ ತಲೆಯೆತ್ತದೆ, ನೆಲದ ಮೇಲಿನ ಬಟ್ಟೆಯನ್ನಷ್ಟೇ ಎಳೆದುಕೊಳ್ಳುವಳು.

ಅಣ್ಣನಿಗೆ ಅದು ಹಿಡಿಸಲಿಲ್ಲ. ಹಿಂಬಾಗಿಲು ಮುಚ್ಚಿದರೆ ಇನ್ನೊಂದು ಹೊಲಿಗೆ ಯಂತ್ರಕ್ಕೆ ಜಾಗವಾಗುತ್ತದೆ ಎಂದು ಪಟ್ಟು ಹಿಡಿದ.

"ಕುತ್ತಿಗೆ ಬಿಡದೆ ಅಂಗಿ ಹೊಲಿಯೋಕಾಗುತ್ತೇನ್ರೀ?" ಎಂದಳು ಅತ್ತಿಗೆ.

ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಆಕೆ ದಾರ ತರಲು ಪೇಟೆಗೆ ಹೋದದ್ದೇ ತಡ, ಸೊಂಟದೆತ್ತರ ಇಟ್ಟಿಗೆ ಏರಿಸಿಬಿಟ್ಟ.

ಆಕೆ ಮರಳುವಾಗ ಹಿಂದಿನ ಬೀದಿಯ ಅಜ್ಜಿ ಆಸ್ಪತ್ರೆಗೆ ಹೊರಟವಳು ಕೋಲೂರಿಕೊಂಡು ಗೋಡೆಯಾಚೆ ನಿಂತಿದ್ದಳು. ಅತ್ತಿಗೆ ಜಗಳ ತೆಗೆಯಲಿಲ್ಲ. ಮೇಸ್ತ್ರಿಗಳೇ ಸುತ್ತುದಾರಿಯಲ್ಲಿ ಕರೆದೊಯ್ಯುತ್ತಾರೆ ಎಂದಳಷ್ಟೆ. ಅಣ್ಣ ತಾನೇ ಕಟ್ಟಿದ ಗೋಡೆಯನ್ನು ಹತ್ತಿ ಇಳಿಯಬೇಕಾಯಿತು.

ಅಜ್ಜಿಗೆ ಹಳೆಯ ಸಂದಿಗಳೆಲ್ಲ ನೆನಪು. ಒಂದೊಂದು ಕಡೆಯೂ ನಿಂತು ಗೋಡೆಗೆ ಕೋಲು ತಟ್ಟಿದಳಂತೆ.

"ಇದ್ಯಾರಪ್ಪ ಕಟ್ಟಿದ್ದು?"

"ನಾನೇ ಅಜ್ಜಿ."

"ಇದು?"

"ಅದೂ ನಾನೇ."

"ಗಟ್ಟಿ ಕೆಲಸ ಬಿಡು. ನನ್ನ ಮಂಡಿಗಿಂತ ಗಟ್ಟಿ."

ಅಜ್ಜಿಯನ್ನು ಆಸ್ಪತ್ರೆಯಿಂದ ಮನೆ ಸೇರಿಸಿ ಬಂದ ಅಣ್ಣ, ಗಾರೆ ಇನ್ನೂ ಹಸಿಯಿದ್ದ ಇಟ್ಟಿಗೆಗಳನ್ನು ಕಿತ್ತ. ಅಷ್ಟಕ್ಕೇ ಬಿಡದೆ ಹೊಸ್ತಿಲನ್ನೂ ಒಡೆದು, ಕೋಲಿನವರು ಎಡವದ ಹಾಗೆ ಇಳಿಜಾರು ಮಾಡಿದ. ಎರಡನೆಯ ಯಂತ್ರ ಬಂದದ್ದು ಆತನ ಮಂಚದ ಪಕ್ಕಕ್ಕೆ. ಅದರ ಸದ್ದಿನಲ್ಲೇ ಇಂದಿಗೂ ಹಗಲು ನಿದ್ದೆ ಮಾಡುತ್ತಾನೆ. ಊರಿನ ಅರ್ಧ ಗೋಡೆ ನನ್ನ ಅಣ್ಣನ ಕೈಯದು. ಆದರೂ ನೆಂಟರು ಬಂದರೆ ನಾನು ತೋರಿಸುವುದು ಆ ಇಳಿಜಾರನ್ನೇ.

ಗಾರೆ ಒಣಗಿದ ಮೇಲೆ ಅಜ್ಜಿ ಬಂದು ಅದಕ್ಕೂ ಕೋಲು ತಟ್ಟಿ, ಇದನ್ನು ಯಾರು ಕಟ್ಟಿದ್ದು ಎಂದು ಕೇಳಿದಳು. ಯಾರು ಬಂದರೂ ತಲೆಯೆತ್ತದ ಅತ್ತಿಗೆ ಅಂದು ಯಂತ್ರ ನಿಲ್ಲಿಸಿ ತಲೆಯೆತ್ತಿದಳು.

"ನಮ್ಮ ಯಜಮಾನ್ರು, ಅಜ್ಜಿ."