ಕೂತು ನೆಟ್ಟಿ ಮಾಡುವ ದೇವರು

ಕುಮಟೆಯ ನನ್ನ ಅಡುಗೆಮನೆಯಲ್ಲಿ ಹುಣಸೆಹುಳಿ ಹಾಕಿ ತಾಮ್ರದ ಚೊಂಬು ತಿಕ್ಕುವಾಗ ಏಳುವ ಆ ಹುಳಿ ವಾಸನೆಗೆ ನನಗೆ ನಗು ಬರುತ್ತದೆ, ಮುಟ್ಟಳ್ಳಿಯ ಬಾವಿಕಟ್ಟೆಯಲ್ಲಿ ಕೂತ ಅಜ್ಜಿ ಕಾಣುತ್ತಾಳೆ. ಮುಂಡಗೋಡಿನ ಕ್ಯಾಂಪಿನಿಂದ ಸ್ವೆಟರ್ ಮಾರುತ್ತ ಬರುವ ಟಿಬೆಟಿನ ಹೆಂಗಸೊಬ್ಬಳು, ನಾನು ಚಿಕ್ಕವಳಿದ್ದಾಗ, ವರ್ಷಕ್ಕೊಮ್ಮೆ ಅಲ್ಲಿನ ನಮ್ಮ ಜಗಲಿಯಲ್ಲಿ ಗಂಟು ಇಳಿಸುತ್ತಿದ್ದಳು. "ನಮ್ಮೂರ ಸೆಕೆಗೆ ಸ್ವೆಟರ್ ಎಂತಕ್ಕೆ ತಂಗೀ?" ಎಂದು ಗೇಲಿ ಮಾಡುತ್ತಲೇ ಅಜ್ಜಿ ಅವಳಿಗೆ ಗಂಜಿ ಬಡಿಸುತ್ತಿದ್ದಳು. ಒಂದು ವರ್ಷ ಅವಳು ಹಳದಿ ಬಟ್ಟೆ ಬಿಚ್ಚಿ, ಗೇಣುದ್ದದ ತಾಮ್ರದ ಬುದ್ಧನನ್ನು ಅಜ್ಜಿಯ ಕೈಗಿಟ್ಟಳು. ತೀರಿಹೋದ ತಾಯಿಗೆ ಪುಣ್ಯವಾಗಲೆಂದು ಅದಕ್ಕೆ ಚಿನ್ನದ ಗಿಲೀಟು ಹಾಕಿಸಿದ್ದಳಂತೆ.

ಬುದ್ಧನ ಎಡಗೈ ಮಡಿಲಲ್ಲಿ, ಬಲಗೈಯ ಬೆರಳು ನೆಲದ ಮೇಲೆ. ಹುಟ್ಟಿದಂದಿನಿಂದ ಕಂಡವರ ಗದ್ದೆಯಲ್ಲಿ ಸಸಿ ನೆಟ್ಟ ಅಜ್ಜಿಗೆ ಅನುಮಾನವೇ ಬರಲಿಲ್ಲ. "ಇವ ನೆಟ್ಟಿ ದೇವ್ರು! ಕೂತೇ ನೆಡ್ತಾ ನೋಡು, ಪುಣ್ಯವಂತ. ಸೊಂಟನೋವಿಲ್ಲ!" ಪ್ರತಿ ಶುಕ್ರವಾರ ದೀಪದ ಕಂಬಗಳ ಜೊತೆ ಅವನಿಗೂ ಹುಣಸೆಹುಳಿ, ಬೂದಿಯ ಸ್ನಾನ. ಮಳೆಗಾಲ ಮುಗಿಯುವಷ್ಟರಲ್ಲಿ ಚಿನ್ನವೆಲ್ಲ ಬಾವಿಕಟ್ಟೆಯ ನೀರಿನೊಂದಿಗೆ ಹರಿದುಹೋಗಿತ್ತು. ಅದನ್ನು ತೋರಿಸಿದವಳು ನಾನೇ. ಅಜ್ಜಿಯ ಮುಖ ಸಣ್ಣದಾಯಿತು. "ಅವ್ಳಿಗೆ ಎಂತ ಹೇಳೂದು?" ಎಂದು ಚಳಿಗಾಲದವರೆಗೂ ಒದ್ದಾಡಿದಳು.

ಸ್ವೆಟರಿನವಳು ಬಂದಾಗ ಅಜ್ಜಿ ಗಂಜಿಗೂ ಮೊದಲು ಮೂರ್ತಿ ತಂದಿಟ್ಟಳು. "ನಾನೇ ತಿಕ್ಕಿ ತೆಗ್ದೆ ತಂಗೀ. ನಿನ್ನ ಅಮ್ಮನ ಚಿನ್ನ." ಅವಳು ಅದನ್ನು ತಿರುಗಿಸಿ ನೋಡಿ ಗೊಳ್ಳೆಂದು ನಕ್ಕಳು, ಆಮೇಲೆ ಹಣೆಗೊತ್ತಿಕೊಂಡಳು. "ಪುಣ್ಯ ಅಮ್ಮಂಗೆ ಮುಟ್ಟಿ ಆಯ್ತು ಅಜ್ಜಿ" ಎಂದು, ತನ್ನ ಹರಕುಮುರುಕು ಕನ್ನಡದಲ್ಲಿ ಆ ಬಲಗೈಯ ಕತೆ ಹೇಳಿದಳು. ತಪಸ್ಸು ಕೆಡಿಸಲು ಬಂದ ಮಾರ ಬುದ್ಧನನ್ನು, ನೀನು ಮಾಡಿದ ಒಳ್ಳೆಯದಕ್ಕೆ ಸಾಕ್ಷಿ ಯಾರು ಎಂದು ಕೇಳಿದನಂತೆ. ಬುದ್ಧನ ಪರವಾಗಿ ಹೇಳಲು ಹತ್ತಿರದಲ್ಲಿ ಯಾರೂ ಇರಲಿಲ್ಲ. ಅವನು ನೆಲ ಮುಟ್ಟಿದ. ನಾನಿದ್ದೇನೆ ಎಂದು ಭೂಮಿಯೇ ಹೇಳಿತು. ಅಜ್ಜಿ ತನ್ನ ಒಡೆದ ಬೆರಳುಗಳನ್ನೇ ನೋಡುತ್ತ ಕೂತಳು. "ಹಂಗಾರೆ ನಂಗೂ ಸಾಕ್ಷಿ ಅದೆ ಅಂತಾತು!" ಎಂದವಳ ಕಣ್ಣಲ್ಲಿ ನೀರು, ಬಾಯಲ್ಲಿ ನಗು. ನನಗೆ ಅಷ್ಟು ಖುಷಿ ಯಾವ ಹಬ್ಬಕ್ಕೂ ಆಗಿರಲಿಲ್ಲ.

ಮುಂದಿನ ಮಳೆಗಾಲದ್ದು ಅಜ್ಜಿಯ ಕೊನೆಯ ನೆಟ್ಟಿ, ನಮಗೆ ಗೊತ್ತಿರಲಿಲ್ಲ. ಗದ್ದೆಗಿಳಿದವಳೇ ಅಂಗೈಯನ್ನು ಕೆಸರಿಗೊತ್ತಿ ಕೂಗಿದಳು: "ನಾ ಮಾದೇವಿ! ನೆನಪಿಟ್ಕಾ!" ಸಾಲಿನ ಹೆಂಗಸರೆಲ್ಲ ಬಿದ್ದುಬಿದ್ದು ನಕ್ಕರು, ಆಮೇಲೆ ಒಬ್ಬೊಬ್ಬರಾಗಿ ತಾವೂ ಬಗ್ಗಿ ತಮ್ಮ ತಮ್ಮ ಹೆಸರು ಕೂಗಿದರು. ಅಜ್ಜಿಗೊಂದು ಹೆಸರಿದೆ ಎಂದು ನನಗೆ ಗೊತ್ತಾದದ್ದೇ ಅಂದು.