ಮಾವ ಕೊಟ್ಟ ವಾಚು, ನನ್ನ ಅಳತೆಗೆ

ಸ್ನೇಹಿತರೇ, ವಾಚಿನ ಚೈನು ಚಿಕ್ಕದು ಮಾಡಿಸಲು ಅಂಗಡಿಗೆ ಹೋಗುವವರು ದಡ್ಡರಂತೆ. ಇವತ್ತು ಬೆಳಿಗ್ಗೆ ನಮ್ಮ ಯಜಮಾನರು ತಿಳಿಸಿದರು. ದೀಪಾವಳಿಗೆ ನನ್ನಪ್ಪ ಇವರಿಗೆ ಕೊಟ್ಟ ಸ್ಟೀಲ್ ಚೈನಿನ ವಾಚು ಮೊಣಕೈವರೆಗೆ ಜಾರುತ್ತಿತ್ತು. ಮಧ್ಯಾಹ್ನ ಅಲ್ಲಾಳಸಂದ್ರದ ಅಪ್ಪನ ಮನೆಯಲ್ಲಿ ಊಟ; ಕಟ್ಟಿಕೊಂಡು ಹೋಗದಿದ್ದರೆ ಮಾವ ಬೇಜಾರು ಮಾಡಿಕೊಳ್ಳುತ್ತಾರೆಂದು ಇವರಿಗೆ ಚಿಂತೆ. ಸರಿ, ಮೊಬೈಲಿನಲ್ಲಿ ವಿಡಿಯೊ ಹಾಕಿಕೊಂಡು, ದಬ್ಬಳ ಇಟ್ಟು, ಶುಂಠಿ ಜಜ್ಜುವ ಗುಂಡುಕಲ್ಲಿನಿಂದ ಬಡಿದು ಬಡಿದು ಚೈನಿನ ಕೊಂಡಿಗಳ ಪಿನ್ನು ತೆಗೆಯತೊಡಗಿದರು.

"ನಿನ್ ಕೈ ಕೊಡು, ಅಳತೆ ನೋಡ್ಬೇಕು. ನಂಗೆ ಎರಡೂ ಕೈ ಕೆಲ್ಸಕ್ಕೆ ಬೇಕು."

ಕೊಟ್ಟೆ. ನನ್ನ ಕೈಗೆ ಹಾಕಿ ನೋಡಿ ನೋಡಿ ಕೊಂಡಿ ಬಿಚ್ಚಿದರು; ನನಗೆ ಬಳೆಯ ಹಾಗೆ ಕೂತಿತು. ಇವರ ಕೈಗೆ ಕೊಕ್ಕೆಯೇ ಮುಚ್ಚಲಿಲ್ಲ. ತೆಗೆದ ಕೊಂಡಿಗಳನ್ನು ಮತ್ತೆ ಸೇರಿಸೋಣವೆಂದರೆ ಪಿನ್ನುಗಳೆಲ್ಲ ಸೊಟ್ಟ. ಕೊನೆಗೆ ನಾನೇ ಕಟ್ಟಿಕೊಂಡು ಹೋದೆ.

ಊಟಕ್ಕೆ ಕೂತಾಗ ಅಪ್ಪ ನೋಡಿಬಿಟ್ಟರು. "ಇದು ಅಳಿಯಂದ್ರಿಗೆ ಕೊಟ್ಟಿದ್ದಲ್ವೇನಮ್ಮ?"

ಇವರು ಹಪ್ಪಳ ಮುರಿಯುತ್ತಾ, "ಅವಳ ಕೈಗೇ ಚೆನ್ನಾಗ್ ಕಾಣುತ್ತೆ ಮಾವ, ಅದ್ಕೇ ಅವಳ ಅಳತೆಗೆ ಮಾಡ್ದೆ" ಅಂದರು.

ಅಪ್ಪನ ಕಣ್ಣು ತುಂಬಿತು. ಇವರ ಎಲೆಗೆ ಇನ್ನೊಂದು ಹೋಳಿಗೆ ಬಿತ್ತು. "ಇಂಥೋರು ಎಲ್ಲೂ ಸಿಗಲ್ಲ ಕಣಮ್ಮ" ಎಂದರು ನನಗೆ.

ನಿಜ. ವಾಚಿನಂಗಡಿಯಲ್ಲಂತೂ ಖಂಡಿತ ಸಿಗುವುದಿಲ್ಲ.